ಅಣ್ಣನ ಹೆಸರಿನ ರಕ್ತ

೧೯೭೬ರ ಸುಮಾರಿಗೆ ನಾನು ಇಂಡಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಸಕ್ಕರೆ ಕಾಯಿಲೆಯ ಸಂಶೋಧನೆಗೆ ಬಂದಿದ್ದ ವೈದ್ಯರ ತಂಡಕ್ಕೆ ನನ್ನನ್ನು ಜೋಡಿಸಿದ್ದರು. ಕಾಯಿಲೆ ಇರಲಿ ಬಿಡಲಿ, ಒಪ್ಪಿ ಬಂದವರಿಂದ ಬೆಳಗ್ಗೆ ಏನನ್ನಾದರೂ ತಿನ್ನುವ ಮೊದಲು ರಕ್ತ ತೆಗೆಯಬೇಕು. ಇದಕ್ಕೆ ಫಾಸ್ಟಿಂಗ್ ಶುಗರ್ ಎನ್ನುತ್ತಾರೆ. ಸೂಜಿ ಎಂದರೆ ಊರೆಲ್ಲ ಮಾರು ದೂರ. ಹಾಗಾಗಿ ಸಾಲೋಟಗಿ ಕಡೆಯ ರೈತ ಭೀಮರಾಯ ತಾನಾಗಿ ಹೆಸರು ಕಳಿಸಿದಾಗ ಡಾಕ್ಟರ್ ಹಿಗ್ಗಿದರು.

ಎರಡು ಸಲ ರಕ್ತ ತೆಗೆದೆ. ಎರಡು ಸಲವೂ ಸಕ್ಕರೆ ಹೆಚ್ಚು. ಡಾಕ್ಟರ್ ಗುಳಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಭೀಮರಾಯ ಹೊಲದಲ್ಲಿ ಬಿದ್ದನೆಂದು ಚಕ್ಕಡಿಯಲ್ಲಿ ಹಾಕಿಕೊಂಡು ತಂದರು. ಮೈಯೆಲ್ಲ ಬೆವರು, ಎಚ್ಚರವಿಲ್ಲ. ಆ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಭೀಮರಾಯನ ಹೆಸರಿನಲ್ಲಿ ನನಗೆ ರಕ್ತ ಕೊಟ್ಟಿದ್ದ ಮನುಷ್ಯ ಚಕ್ಕಡಿಯ ಪಕ್ಕದಲ್ಲಿ ನಿಂತಿದ್ದ.

"ನೀ ಯಾರಪಾ?" ಎಂದೆ.

"ಸಿದ್ದಪ್ಪರಿ, ಇವನ ತಮ್ಮ. ಅಣ್ಣ ಬಿತ್ತಾಕ ಹೋಗಿದ್ದ, ಅದಕ್ಕ ನಾ ಬಂದಿದ್ದೆ. ಮನಿಗೊಬ್ಬರು ಬಂದ್ರ ಆತಲ್ಲೇನ್ರಿ? ಒಂದ ಒಲಿ, ಒಂದ ರಕ್ತ."

"ಗುಳಿಗಿ?"

"ಅಣ್ಣನ ಹೆಸರಿಗೆ ಬಂದಿದ್ದು, ಅಣ್ಣನೇ ನುಂಗ್ಯಾನ್ರಿ."

ಕೆರೆಯ ಹೂಳೆತ್ತಲು ಮನೆಗೊಬ್ಬ ಆಳು ಹೋಗುವುದು ಅಲ್ಲಿಯ ರೂಢಿ. ಅಣ್ಣನಿಗೆ ಪುರಸೊತ್ತಿಲ್ಲದಿದ್ದರೆ ತಮ್ಮ. ರಕ್ತ ಕೊಡುವುದಕ್ಕೂ ಅದೇ ಲೆಕ್ಕ ಹಿಡಿದಿದ್ದರು. ಕಾಯಿಲೆಯೇ ಇಲ್ಲದವನ ಸಕ್ಕರೆಯನ್ನು ಆ ಗುಳಿಗೆ ಪಾತಾಳಕ್ಕೆ ಇಳಿಸಿತ್ತು. ಡಾಕ್ಟರ್ ನರಕ್ಕೆ ಗ್ಲೂಕೋಸ್ ಏರಿಸಿದರು. ನಾನು ಬಾಟಲಿ ಹಿಡಿದು ನಿಂತೆ. ಭಯವಾಗಲಿಲ್ಲ, ಏನೂ ಅನಿಸಲಿಲ್ಲ. ಭೀಮರಾಯ ಕಣ್ಣು ಬಿಟ್ಟಾಗಲೂ ಅನಿಸಲಿಲ್ಲ.

ಕಾಯಿಲೆ ತಮ್ಮನದೆಂದ ಮೇಲೆ ಡಾಕ್ಟರ್ ಸಿದ್ದಪ್ಪನನ್ನು ಕೂರಿಸಿ ಪರೀಕ್ಷೆ ಮಾಡಿದರು. ಅಂಗಾಲಿನಲ್ಲಿ ಮುರಿದ ಜಾಲಿ ಮುಳ್ಳು, ಸುತ್ತ ಕಪ್ಪಗೆ ಕೊಳೆತ ಹುಣ್ಣು.

"ಬ್ಯಾನಿ ಇಲ್ಲರಿ. ಮುಳ್ಳು ನಟ್ಟಿದ್ದ ಗೊತ್ತಿಲ್ಲ" ಎಂದ.

ಸಕ್ಕರೆ ಅವನ ಕಾಲಿನ ನರಗಳನ್ನು ಆಗಲೇ ತಿಂದು ಹಾಕಿತ್ತು. ಬಿಜಾಪುರಕ್ಕೆ ಕಳಿಸಿದೆವು. ಅಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಸುದ್ದಿ ಕೇಳಿಯೂ ನಾನು ಎಂದಿನಂತೆ ಟ್ಯೂಬು ತೊಳೆದೆ. "ಅವನ ಗುಳಿಗಿ ನಾ ತಿಂದೆ" ಎಂದು ಭೀಮರಾಯ ಒಮ್ಮೆ ಅಂದ.

ರಕ್ತ ಕೊಡುವವನ ಬಾಯಿಂದಲೇ ಹೆಸರು ಕೇಳದೆ ಸೂಜಿ ಮುಟ್ಟಬಾರದು: ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಮುಂದಿನ ಸುತ್ತಿನ ಪರೀಕ್ಷೆಗೆ ಅಣ್ಣ ತಮ್ಮನನ್ನು ಬೆನ್ನ ಮೇಲೆ ಹೊತ್ತು ತಂದು ನನ್ನೆದುರು ಕೂರಿಸಿದ. ನಾನು ಕೇಳುವ ಮೊದಲೇ ಸಿದ್ದಪ್ಪ ತೋಳು ಚಾಚಿದ.

"ಸಿದ್ದಪ್ಪರಿ. ಈ ಸಲ ನನ್ನ ಹೆಸರಿಗೇ ಬರಕೊಳ್ರಿ."

ನನಗೆ ಅಳು ಬಂದದ್ದು ಆಗ.