ಶನಿವಾರದ ಎಣ್ಣೆ, ಭಾನುವಾರದ ಕುಸ್ತಿ

ಮದುವೆಗೆ ಮುಂಚೆ ನನಗೆ ಕುಸ್ತಿ ಎಂದರೆ ಪ್ರಾಣ. ಹೆಂಗಸರು ಗರಡಿಮನೆಯ ಹೊಸಿಲು ತುಳಿಯುವಂತಿರಲಿಲ್ಲ, ಕುಸ್ತಿ ಕಣದ ಹತ್ತಿರ ಸುಳಿಯುವಂತಿರಲಿಲ್ಲ. ಆದರೂ ಹುಣಸೂರಿನಲ್ಲಿ ಪಂದ್ಯ ನಡೆದಾಗಲೆಲ್ಲ ನಮ್ಮಪ್ಪ ಬೇಲಿಯ ಹೊರಗೆ ಗಾಡಿ ಬಿಟ್ಟು, ನನ್ನನ್ನು ಅದರ ಮೇಲೆ ನಿಲ್ಲಿಸಿ, ಯಾವುದು ಯಾವ ಪಟ್ಟು, ಅದರಿಂದ ಬಿಡಿಸಿಕೊಳ್ಳುವುದು ಹೇಗೆ ಎಂದು ಹೇಳಿಕೊಡುತ್ತಿದ್ದರು. ಗೆದ್ದವನಿಗೆ ಪೇಟ ಸುತ್ತುವಾಗ ಗಂಟಲು ಕಟ್ಟುವ ತನಕ ಕೂಗುತ್ತಿದ್ದೆ. ಬಿದ್ದವನಿಗೆ ಮನೆಯಲ್ಲಿ ಯಾರಿದ್ದಾರೋ ಎಂದು ಒಂದು ದಿನವೂ ಯೋಚಿಸಿದವಳಲ್ಲ.

ಆಮೇಲೆ ನನ್ನನ್ನು ಕಟ್ಟೆಮಳಲವಾಡಿಯ ಒಬ್ಬ ಪೈಲ್ವಾನರಿಗೇ ಕೊಟ್ಟರು. ಯಜಮಾನರದು ಬೇಸಾಯ. ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ ಸಂಭಾವನೆಗೆ ಕುಸ್ತಿ ಆಡುತ್ತಿದ್ದರು. ಮಾವನವರು ತೀರಿಹೋಗಿದ್ದರಿಂದ ನೇಗಿಲು ಹಿಡಿಯಲು ಮನೆಯಲ್ಲಿದ್ದ ಗಂಡಸು ಅವರೊಬ್ಬರೇ.

ಆ ವರ್ಷ ಹುಣಸೂರಿನಲ್ಲಿ ಶನಿವಾರ, ಭಾನುವಾರ ಎರಡು ದಿನ ಟಿಕೆಟ್ಟಿನ ಕುಸ್ತಿ ಇಟ್ಟರು. ಮೈಸೂರಿನಿಂದ ಹೆಸರಾದ ಪೈಲ್ವಾನನೊಬ್ಬ ಬರುವವನಿದ್ದ. ಶನಿವಾರ ಅವನಿಗೆ ಪಿರಿಯಾಪಟ್ಟಣದ ಕಡೆಯವನೊಬ್ಬ ಜೋಡಿ, ಭಾನುವಾರ ನಮ್ಮ ಯಜಮಾನರು. ಹಿರಿಯರೆಲ್ಲ ಕೂತು ಜೋಡಿ ಕಟ್ಟಿ ಕೈ ಕುಲುಕಿಸಿ ಆಗಿತ್ತು. ಅಷ್ಟಾದ ಮೇಲೆ ಒಲ್ಲೆ ಎಂದರೆ ಗರಡಿಗೇ ಅವಮಾನ.

ಶನಿವಾರ ಬೆಳಿಗ್ಗೆ ನಮ್ಮತ್ತೆ ಹರಳೆಣ್ಣೆಯ ಬಟ್ಟಲು ಹಿಡಿದು ಹಿತ್ತಲಿಗೆ ಬಂದರು. ಗಂಡಸರ ಎಣ್ಣೆನೀರಿಗೆ ಶನಿವಾರವೇ ದಿನ, ಆಂಜನೇಯಸ್ವಾಮಿಯ ವಾರವೂ ಅದೇ.

"ಬ್ಯಾಡ ಕಣವ್ವ, ನಾಳೆ ಕುಸ್ತಿ. ಮೈಗೆ ಮಟ್ಟಿ ಮಣ್ಣು ಇಡಿಯಕಿಲ್ಲ" ಎಂದರು ಯಜಮಾನರು.

"ನಾಳೆ ತಾನೆ? ಇವತ್ತು ಶನಿವಾರ. ಒಣ್ ತಲೇಲಿ ಸ್ವಾಮಿಗೆ ಕೈ ಮುಗ್ದೀಯಾ? ಕೂತ್ಕೊ ಬಾ ಸುಮ್ನೆ."

ಊರಿನವರೆಲ್ಲ ಹೆದರುತ್ತಿದ್ದ ಆ ದೊಡ್ಡ ಮೈ, ಮುದುಕಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿತು. ಅತ್ತೆ ತಲೆಯಿಂದ ಪಾದದವರೆಗೆ ತಿಕ್ಕಿದರು. ನಾನು ಹಂಡೆಯ ನೀರು, ಸೀಗೆಪುಡಿ ಕೊಟ್ಟೆ. ಜಿಡ್ಡೆಲ್ಲ ಹೋಯಿತೆಂದೇ ಮೂವರೂ ಅಂದುಕೊಂಡೆವು.

ಮಧ್ಯಾಹ್ನ ಗಾಡಿ ಕಟ್ಟಿಕೊಂಡು ಹುಣಸೂರಿಗೆ ಹೋದೆವು. ಯಜಮಾನರು ಒಳಗೆ ಹೋದರು, ನಾನೂ ಅತ್ತೆಯೂ ಬೇಲಿಯಾಚೆ ಗಾಡಿಯ ಮೇಲೆ ನಿಂತೆವು. ಮೈಸೂರಿನವನು ಪಿರಿಯಾಪಟ್ಟಣದವನನ್ನು ಬೋರಲು ಕೆಡವಿ, ಕತ್ತಿನ ಮೇಲೆ ಮೊಣಕಾಲೂರಿ, ಬಲಗೈಯನ್ನು ಬೆನ್ನ ಮೇಲೆ ತಿರುಚಿ ಹಿಡಿದ. ಅಪ್ಪ ಹೇಳಿಕೊಟ್ಟಿದ್ದ ಪಟ್ಟು ಅದು. ಸಿಕ್ಕಿಬಿದ್ದವನಿಗೆ ಇರುವುದು ಒಂದೇ ದಾರಿ, ಕೈ ಹೋದ ಕಡೆಗೇ ಹೊರಳಿಬಿಡುವುದು. ಹೊರಳಿದರೆ ಬೆನ್ನು ಮಣ್ಣಿಗೆ ತಾಗಿ ಸೋಲುತ್ತಾನೆ, ಆದರೆ ತೋಳು ಉಳಿಯುತ್ತದೆ. ಅವನು ಹೊರಳಲಿಲ್ಲ. ಜನ ಕೂಗುತ್ತಿದ್ದ ರಭಸಕ್ಕೆ ನನಗೆ ಶಬ್ದವೇನೂ ಕೇಳಿಸಲಿಲ್ಲ. ಎಬ್ಬಿಸಿ ನಿಲ್ಲಿಸಿದಾಗ ಅವನ ಬಲಗೈ ಬೇರೆ ಯಾರದೋ ಎಂಬಂತೆ ಜೋತಾಡುತ್ತಿತ್ತು.

ಅತ್ತೆ ಗಾಡಿಯ ಗೂಟ ಹಿಡಿದುಕೊಂಡು "ರಾಮ ರಾಮ" ಎನ್ನುತ್ತಿದ್ದರು. ಜೀವ ಒಂದು ಉಳಿಸಿದೆಯಲ್ಲ ಸ್ವಾಮಿ ಎಂದು ಆ ಹುಡುಗನ ತಾಯಿಯ ಪರವಾಗಿ ನಾನೇ ಕೈ ಮುಗಿದೆ.

ಭಾನುವಾರ ಬೆಳಿಗ್ಗೆ ಹಾಲು ಕೊಡುತ್ತಾ ಧೈರ್ಯ ಮಾಡಿ ಕೇಳಿದೆ, "ಒಟ್ಟೆನೋವು ಅಂದ್ಬುಡಿ, ಆಗಕಿಲ್ವಾ?"

"ಥೂ, ಬುಡ್ತು ಅನ್ನು."

"ಓಗ್ಲಿ, ನೆನ್ನೆ ಪಟ್ಟಿಗೆ ಸಿಕ್ಕುದ್ರೆ ಒರಳ್ಬುಡಿ."

ಅವರು ಲೋಟ ಕೆಳಗಿಟ್ಟರು. "ಸೋತ್ಕಂಡ್ ಬಾ ಅಂತೀಯಾ? ನೀನು?"

ನಾನು ಒಳಗೆ ಹೋದೆ. ದೇವರ ಗೂಡಿನ ಮುಂದೆ ನಿಂತರೆ ಏನು ಕೇಳಿಕೊಳ್ಳಬೇಕು ಎಂಬುದೇ ತೋಚಲಿಲ್ಲ. ಗೆಲ್ಲಿಸು ಎನ್ನಲು ನಾಲಿಗೆ ಏಳಲಿಲ್ಲ.

ಆ ದಿನ ಬಿಸಿಲು ಜೋರಾಗಿತ್ತು. ಹುಣಸೂರಿನಲ್ಲಿ ನಾನೂ ಅತ್ತೆಯೂ ಮತ್ತೆ ಬೇಲಿಯಾಚೆ ಗಾಡಿಯ ಮೇಲೆ ನಿಂತೆವು. ಇಬ್ಬರೂ ಸಲಾಮಿ ಮಾಡಿ, ಒಬ್ಬರ ಮೈಮೇಲೆ ಒಬ್ಬರು ಮಣ್ಣೆರಚಿದರು. ಮೈಸೂರಿನವನ ಮೈಗೆ ಮಣ್ಣು ಕೆಂಪಾಗಿ ಹಿಡಿಯಿತು. ನಮ್ಮವರ ಬೆನ್ನ ಮೇಲೆ ಬೆವರಿನ ಜೊತೆ ಗೆರೆಗೆರೆಯಾಗಿ ಇಳಿಯಿತು. ಮೊದಲ ಹಿಡಿತದಲ್ಲೇ ಅವನ ಕೈ ಜಾರಿತು, ಎರಡನೆಯದರಲ್ಲೂ ಜಾರಿತು.

"ಎಣ್ಣೆ! ಎಣ್ಣೆ ಅಚ್ಕಂಡವ್ನೆ! ಮೋಸ!" ಎಂದು ಅವನ ಕಡೆಯವರು ಎದ್ದರು. ಪಂದ್ಯ ನಡೆಸುತ್ತಿದ್ದ ಉಸ್ತಾದರು ಬಂದು ಬಿಳಿ ಪಂಚೆಯ ಚುಂಗಿನಿಂದ ನಮ್ಮವರ ಬೆನ್ನು ಒರೆಸಿ ಎತ್ತಿ ಹಿಡಿದರು. ಬಟ್ಟೆಯಲ್ಲಿ ಜಿಡ್ಡು ಹೊಳೆಯಿತು. ಜನ ಹುಯಿಲೆಬ್ಬಿಸಿದರು, ಯಾರೋ ಕಲ್ಲು ಕೂಡ ತೂರಿದರು. ನಮ್ಮವರು ತಲೆ ತಗ್ಗಿಸಿ ನಿಂತಿದ್ದರು. ತಾಯಿಯ ಹೆಸರು ಹೇಳಲಿಲ್ಲ.

ಪಕ್ಕದಲ್ಲಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡು ಗಾಡಿಯ ಪಕ್ಕದ ಹಲಗೆಯ ಮೇಲೆ ಹತ್ತಿಬಿಟ್ಟರು. "ಯಾವನ್ಲಾ ಅವನು ಮೋಸ ಅಂದೋನು? ನಾನ್ ಕಣ್ಲಾ ಅಚ್ಚಿದ್ದು! ಶನಿವಾರ ಮಗನ ತಲೆಗೆ ಎಣ್ಣೆ ಒತ್ತೋದು ಮೋಸವಾ? ನಿಮ್ಮವ್ವ ನಿನ್ನ ಒಣಗಾಕಿ ಸಾಕುದ್ಲಾ?"

ಕಣವೆಲ್ಲ ಗೊಳ್ಳೆಂದಿತು. ಉಸ್ತಾದರು ಕೂಡ ಮೀಸೆ ಮುಚ್ಚಿಕೊಂಡು, "ಸರಿ ಕಣವ್ವೋ, ಇಳ್ಕೊ ಕೆಳಕ್ಕೆ, ಬಿದ್ದೀಯೆ" ಎಂದರು. ನಮ್ಮವರ ಮೈಗೆ ಬೂದಿ ತಿಕ್ಕಿ, ಗೋಣಿತಾಟಿನಿಂದ ಉಜ್ಜಿ, ಮತ್ತೆ ಮಣ್ಣು ಹಚ್ಚಿಸಿದರು. ಎಲ್ಲರೂ ನಗುತ್ತಿದ್ದರು. ಮೈಸೂರಿನವನು ಮಾತ್ರ ನಗಲಿಲ್ಲ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಎರಡು ಸಲ ಕೈ ಜಾರಿಸಿಕೊಂಡು ಅಷ್ಟು ಜನರ ಮುಂದೆ ನಿಂತವನು ಅವನು. ನೆನ್ನೆ ಕಸುಬಿಗೆ ಆಡಿದ್ದ, ಇವತ್ತು ಸಿಟ್ಟಿಗೆ ಆಡುತ್ತಾನೆ ಎಂದು ನನಗೆ ಗೊತ್ತಾಯಿತು.

ಮತ್ತೆ ಬಿಟ್ಟರು. ನಮ್ಮವರು ಚೆನ್ನಾಗಿಯೇ ಆಡಿದರು, ಒಮ್ಮೆ ಅವನನ್ನು ಸೊಂಟದೆತ್ತರಕ್ಕೆ ಎತ್ತಿಯೇಬಿಟ್ಟರು. ಬೇಲಿಯ ಮೇಲಿದ್ದವರೆಲ್ಲ ಶಿಳ್ಳೆ ಹೊಡೆದರು. ಅವನು ಕಾಲಿಗೆ ಕಾಲು ಹೆಣೆದು ಇಬ್ಬರೂ ಉರುಳಿದರು. ಧೂಳು ಇಳಿದಾಗ ನಮ್ಮವರು ಬೋರಲು, ಕತ್ತಿನ ಮೇಲೆ ಮೊಣಕಾಲು, ಬಲಗೈ ಅವನ ಎರಡು ಕೈಯಲ್ಲಿ.

"ಬುಡ್ಬ್ಯಾಡ ಕಣೋ! ತಡ್ಕೊ!" ಎಂದು ನಮ್ಮೂರಿನವರೆಲ್ಲ ಕಿರುಚಿದರು. ಮದುವೆಗೆ ಮುಂಚೆ ನಾನೂ ಹಾಗೆಯೇ ಕಿರುಚಿರುತ್ತಿದ್ದೆ. ಈಗ ಅತ್ತೆಯ ಕೈ ನನ್ನ ಕೈಯೊಳಗಿತ್ತು. ಬೆಳಿಗ್ಗೆ ದೇವರ ಮುಂದೆ ಬಾರದ ಮಾತು ಆಗ ಬಂತು. ಅವರ ಬೆನ್ನು ಮಣ್ಣಿಗೆ ತಾಗಿಸು ತಂದೆ. ಬೇಗ ತಾಗಿಸು.

ತೋಳು ಇನ್ನಷ್ಟು ಮೇಲಕ್ಕೆ ಹೋಯಿತು. ನಾನು ಕಣ್ಣು ಮುಚ್ಚಲಿಲ್ಲ, ಮುಚ್ಚಿದರೆ ಏನಾಗುತ್ತದೋ ಎಂಬ ಹೆದರಿಕೆ. ಅವರ ಎಡಗಾಲು ಮಣ್ಣನ್ನು ಒಮ್ಮೆ ಒದೆಯಿತು. ಇಡೀ ಮೈ ಹೊರಳಿತು. ಉಸ್ತಾದರು ಕೈಯೆತ್ತಿದರು.

ನಮ್ಮೂರಿನವರು ಥೂ ಎಂದು ಎದ್ದು ಹೊರಟರು. ಸೋತವರನ್ನು ಮಾತಾಡಿಸುವವರಿರಲಿಲ್ಲ. ಯಜಮಾನರು ತಾವೇ ನಡೆದು ಬಂದು, ಬಲಗೈಯಿಂದಲೇ ಎತ್ತುಗಳನ್ನು ನೊಗಕ್ಕೆ ಕಟ್ಟಿದರು. ತಾವೇ ಹೊರಳಿದರೋ, ಅವನೇ ಹೊರಳಿಸಿದನೋ ಎಂದು ನಾನು ಕೇಳಲಿಲ್ಲ, ಬದುಕಿರುವ ತನಕ ಅವರೂ ಹೇಳಲಿಲ್ಲ.

ಗಾಡಿ ಹತ್ತುವಾಗ ನನ್ನ ಮುಖ ನೋಡಿದರು.

"ನೀನೂ ನಗ್ತಾ ಇದ್ದೀಯಲ್ಲ" ಎಂದರು.

ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಗಾಡಿಯಲ್ಲಿ ಹಾಸಿದ್ದ ಹುಲ್ಲಿನ ಮೇಲೆ ಕೂತೆ. ಊರು ಸೇರುವ ತನಕ ಅವರು ಹಿಂತಿರುಗಿ ನೋಡಲಿಲ್ಲ. ಹಗ್ಗ ಹಿಡಿದ ಆ ಬಲಗೈ ಏಳುತ್ತ ಇಳಿಯುತ್ತ ಎತ್ತುಗಳನ್ನು ಹೊಡೆಯುತ್ತಿದ್ದುದನ್ನು ನಾನು ದಾರಿಯುದ್ದಕ್ಕೂ ನೋಡುತ್ತಾ ಬಂದೆ.