ಎಚ್ಚರಿಕೆಗಳನ್ನು ಓದಿಸಿದ ಟೀಚರ್

ಕಂಪ್ಯೂಟರ್ ಟೀಚರ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಆ ಬೆರಳನ್ನೇ ಪರದೆಯ ಮೇಲೆ ಸಾಲಿನಿಂದ ಸಾಲಿಗೆ ಎಳೆಯುತ್ತ, ಒಂದನೇ ಕ್ಲಾಸಿನ ಮಕ್ಕಳ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಹೊಸಂಗಡಿಯ ಬಟ್ಟೆಯಂಗಡಿಯೊಂದರ ಮಾಳಿಗೆಯಲ್ಲಿ ಅವರ ಕ್ಲಾಸು. ನಲವತ್ತೆಂಟು ದಾಟಿದ ಮೇಲೆ ನಾನು ಅಲ್ಲಿ ಪೈಥಾನ್ ಎಂಬ ಪ್ರೋಗ್ರಾಮ್ ಬರೆಯುವ ಭಾಷೆ ಕಲಿತೆ. ಹಾಸಿಗೆ ಹಿಡಿದವರ ಮನೆಗೆ ನರ್ಸ್ ಕಳಿಸುವ ಪಾಲಿಯೇಟಿವ್ ಘಟಕದಲ್ಲಿ ಯಾವತ್ತು ಯಾರ ಮನೆಗೆ ಎಂದು ದಿನದ ಪಟ್ಟಿ ಮಾಡುವುದು ನನ್ನ ಕೆಲಸ. ಅದಕ್ಕೊಂದು ಪ್ರೋಗ್ರಾಮ್ ಬೇಕಿತ್ತು.

ಬರೆದೆ. ಓಡಿಸಿದಾಗಲೆಲ್ಲ, ಈ ವಿಧಾನ ಹಳೆಯದು, ಮುಂದೆ ನಡೆಯುವುದಿಲ್ಲ ಎಂಬ ಒಂದೇ ಎಚ್ಚರಿಕೆ ರೋಗಿಗೊಂದರಂತೆ ಪರದೆ ತುಂಬ ಸುರಿಯುತ್ತಿತ್ತು. ಪಟ್ಟಿ ಮಾತ್ರ ಸರಿಯಾಗಿಯೇ ಬರುತ್ತಿತ್ತು. ಬೇಸತ್ತು, ಎಲ್ಲ ಎಚ್ಚರಿಕೆಗಳನ್ನೂ ಅಡಗಿಸುವ ಒಂದು ಸಾಲು ಸೇರಿಸಿಬಿಟ್ಟೆ. ಪರದೆ ಚೊಕ್ಕವಾಯಿತು.

ಜುಲೈಯಲ್ಲಿ ಮೀಂಜದಿಂದ ಒಬ್ಬ ಅಜ್ಜಿಯ ಮಗಳು ಫೋನ್ ಮಾಡಿದಳು. "ನಿನ್ನೆ ಸಿಸ್ಟರ್ ಬರ್ಲೇ ಇಲ್ಲ ಅಲ್ವಾ ಅಕ್ಕ? ಅಮ್ಮನ ಮೂತ್ರದ ಟ್ಯೂಬು ಬ್ಲಾಕ್ ಆಗಿದೆ, ಜ್ವರ ಉಂಟು."

ಕೂಡಲೇ ನರ್ಸನ್ನು ಕಳಿಸಿ, ಟೀಚರ ಬಳಿ ಹೋದೆ. ಅವರು ಬೈಯಲಿಲ್ಲ. ನಾನು ಸೇರಿಸಿದ ಸಾಲನ್ನು ಅಳಿಸಿ ಓಡಿಸಿದರು. ಆ ಹಳೆಯ ಗಲಾಟೆಯ ನಡುವೆ ಬೇರೊಂದು ಎಚ್ಚರಿಕೆ ಇತ್ತು: ಒಂದು ತಾರೀಕಿನ ಮೊದಲ ಅಂಕಿಯನ್ನು ತಿಂಗಳೆಂದು ಓದಲಾಗಿದೆ ಎಂದು. ಎಲ್ಲರಿಗೂ ತಿಂಗಳ ಹೆಸರು ಬರೆಯುವ ನಾನು, ಅಜ್ಜಿಯ ಹೆಸರಿನ ಮುಂದೆ ಮಾತ್ರ ಅವಸರದಲ್ಲಿ 6/7 ಎಂದು ಗೀಚಿದ್ದೆ. ಜುಲೈ ಆರು ಎಂದು ನಾನು ಬರೆದದ್ದನ್ನು ಕಂಪ್ಯೂಟರ್ ಜೂನ್ ಏಳೆಂದು ಓದಿ, ಮುಗಿದ ಭೇಟಿಯೆಂದು ಬಿಟ್ಟಿತ್ತು.

"ಪಾಪ, ಅದು ಹೇಳಿದೆ ಮಾರಾಯ್ತಿ. ಬಾಯಿ ಕಟ್ಟಿದ್ದು ನೀನು."

"ಒಂದನ್ನೇ ಇನ್ನೂರು ಸಲ ಹೇಳಿದ್ರೆ ಎಂತ ಮಾಡುದು ಟೀಚರ್?"

"ಹಳೇ ವಿಧಾನವನ್ನು ಬದಲಾಯಿಸು. ಆಗುದಿಲ್ವಾ, ಹೆಸರು ಹಿಡಿದು ಅದೊಂದನ್ನೇ ಸುಮ್ಮನಿರಿಸು. ಉಳಿದದ್ದು ಒಂದೊಂದು ಸಲ ಹೇಳಲಿ. ಮನೆಯಲ್ಲಿ ಅತ್ತೆ ಮಾತು ಹೇಗೆ ಕೇಳ್ತೀ?"

"ಕೇಳುದೇ ಇಲ್ಲ."

"ಅದು ಗೊತ್ತಾಗ್ತದೆ."

ಮರುದಿನ ಟೀಚರ ಒತ್ತಾಯಕ್ಕೆ ನರ್ಸಿನ ಜೊತೆ ಮೀಂಜಕ್ಕೆ ಹೋದೆ. ಜ್ವರ ಇಳಿದಿತ್ತು. ತಪ್ಪು ನನ್ನದೆಂದು ಮಗಳಿಗೆ ಹೇಳಿದೆ. ಅವಳು ಒಳಗೆ ಹೋಗಿ ಚಾ ತಂದಿಟ್ಟಳು.

ಎರಡು ವರ್ಷದ ಮೇಲೆ ಟೀಚರ ಹೆಸರೂ ನಮ್ಮ ಪಟ್ಟಿಗೆ ಬಂತು. ನೋಡಲು ಹೋದರೆ ಕಾಯಿಲೆಯ ಮಾತಿಲ್ಲ.

"ಇವತ್ತು ಎಷ್ಟು ಎಚ್ಚರಿಕೆ ಬಂತು?"

"ಎರಡು."

"ಓದಿದ್ಯಾ?"

"ಓದಿದೆ ಟೀಚರ್."

ಕಳೆದ ಮಾರ್ಚಿನಲ್ಲಿ ಅವರು ತೀರಿಕೊಂಡರು. ಅವರು ನಮ್ಮ ಪಟ್ಟಿಯಲ್ಲಿದ್ದ ನಾಲ್ಕು ತಿಂಗಳೂ, ಅವರ ಮನೆಗೆ ಸಿಸ್ಟರ್ ಹೋಗುವುದು ಒಂದು ದಿನವೂ ತಪ್ಪಲಿಲ್ಲ.