ಕರ್ಚೀಫು ಹಾಕಿದ ಸೀಟು

ದೆವ್ವ, ಭೂತ, ಗಾಳಿ ಸೋಕುವುದು ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಯಾರಾದರೂ ಅಂಥ ಕಥೆ ಶುರು ಮಾಡಿದರೆ ಮುಖದ ಮೇಲೇ ನಕ್ಕುಬಿಡುತ್ತಿದ್ದೆ. ದಿನಾ ರಾಯಚೂರಿನಿಂದ ಮಾನ್ವಿಗೆ, ಮಾನ್ವಿಯಿಂದ ರಾಯಚೂರಿಗೆ ಬಸ್ಸಿನಲ್ಲಿ ಓಡಾಡುವವಳಿಗೆ ಬದುಕಿರುವವರ ಕಾಟವೇ ಬೇಕಾದಷ್ಟಿರುತ್ತದೆ, ಸತ್ತವರನ್ನು ನೆನೆಸಿಕೊಳ್ಳಲು ಪುರುಸೊತ್ತೆಲ್ಲಿ? ಈಗಲೂ ನನಗೆ ದೆವ್ವದಲ್ಲಿ ನಂಬಿಕೆಯಿಲ್ಲ. ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆಂದು ಹೇಳುತ್ತೇನೆ, ನಂಬುವುದು ನಿಮಗೆ ಬಿಟ್ಟದ್ದು.

ನಾನು ಮಾನ್ವಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಯಾವ ಇಲಾಖೆ ಎಂದು ಹೇಳುವುದು ಬೇಡ. ಮನೆ ರಾಯಚೂರಿನಲ್ಲಿ. ನನ್ನ ಗಂಡ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಹೋಗುತ್ತಾರೆ. ಒಬ್ಬಳೇ ಮಗಳು, ಗೌರಿ. ಅವಳಿಗೆ ಚಿಕ್ಕಂದಿನಿಂದ ಫಿಟ್ಸ್ ಬರುತ್ತದೆ. ಶಾಲೆ ಬಿಟ್ಟ ಮೇಲೆ ನಾನು ಮನೆ ಮುಟ್ಟುವ ತನಕ ಪಕ್ಕದ ಮನೆಯ ಖಾಜಾಬೀ ಅವಳನ್ನು ನೋಡಿಕೊಳ್ಳುತ್ತಾರೆ. ಸಂಜೆ ಅವರ ಫೋನು ಬಂದರೆ ಏನಾಗಿದೆಯೆಂದು ಕೇಳಬೇಕಾಗಿಯೇ ಇಲ್ಲ. ಮಗು ಅಲ್ಲಿ ಕೈಕಾಲು ಸೆಟೆದುಕೊಂಡು ನೆಲದ ಮೇಲೆ ಬಿದ್ದಿರುತ್ತದೆ, ನಾನು ಇಲ್ಲಿ ಇನ್ನೂ ನೀರಮಾನ್ವಿ ದಾಟದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುತ್ತೇನೆ. ರಾಯಚೂರಿಗೆ ವರ್ಗವಾದರೆ ಸಾಕು, ಬಡ್ತಿಯೂ ಬೇಡ, ಬೇರೇನೂ ಬೇಡ ಎಂದು ದೇವರಿಗೆ ಮಾತ್ರವಲ್ಲ, ಸಿಕ್ಕ ಸಿಕ್ಕವರಿಗೆಲ್ಲ ಹೇಳುತ್ತಿದ್ದೆ.

ಎಲ್ಲರಿಗಿಂತ ಹೆಚ್ಚು ಹೇಳಿದ್ದು ಸುನಂದಾಳಿಗೆ. ಅವಳೂ ನಮ್ಮ ಕಚೇರಿಯವಳೇ, ರಾಯಚೂರಿನಿಂದಲೇ ಬರುತ್ತಿದ್ದಳು. ತವರು ದೇವದುರ್ಗ. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದಳು. ಎಷ್ಟೋ ವರ್ಷ ಒಂದೇ ಸೀಟಿನಲ್ಲಿ ಕೂತು ಹೋಗಿ ಬಂದಿದ್ದೇವೆ. ಅವಳಿಗೆ ವಾಂತಿಯ ಕಾಟ, ಹಾಗಾಗಿ ಕಿಟಕಿ ಬದಿ ಯಾವಾಗಲೂ ಅವಳದು, ಇತ್ತಕಡೆ ನಾನು. ಗೌರಿಗೆ ಕೊಡುವ ಮಾತ್ರೆಗಳ ಹೆಸರು ನನ್ನ ಗಂಡನಿಗೆ ಬಾಯಿಗೆ ಬರುವುದಿಲ್ಲ, ಸುನಂದಾಳಿಗೆ ಬರುತ್ತಿತ್ತು.

ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯುವ ರೀತಿ ನಿಮಗೆ ಗೊತ್ತಿರಬಹುದು. ಬಸ್ಸು ಸ್ಟ್ಯಾಂಡಿಗೆ ಬಂದು ಇನ್ನೂ ಸರಿಯಾಗಿ ನಿಂತಿರುವುದಿಲ್ಲ, ಕಿಟಕಿಯೊಳಗೆ ಟವೆಲು, ಚೀಲ, ಕರ್ಚೀಫು ಬೀಳುತ್ತವೆ. ಬಟ್ಟೆ ಬಿತ್ತೆಂದರೆ ಆ ಸೀಟು ಅವರದು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ನೂಕುನುಗ್ಗಲು ಎಷ್ಟು ಹೆಚ್ಚಿದರೂ ಈ ಮರ್ಯಾದೆ ಮಾತ್ರ ಉಳಿದಿದೆ. ಬಾಯಿಗೆ ಬಂದಂತೆ ಬೈಯುತ್ತಾರೆ, ಆದರೆ ಬಟ್ಟೆ ತೆಗೆದು ಕೂಡುವವರು ಕಡಿಮೆ. ಸುನಂದಾ ಇದರಲ್ಲಿ ಗಟ್ಟಿಗಿತ್ತಿ. ಅವಳ ಹಸಿರು ಕರ್ಚೀಫು ಒಳಗೆ ಬಿದ್ದಿತೆಂದರೆ ನಮ್ಮಿಬ್ಬರಿಗೂ ಜಾಗ ಸಿಕ್ಕಿತೆಂದೇ ಅರ್ಥ.

ಆ ಸಲ ವರ್ಗಾವಣೆಯ ಸಮಯ ಬಂದಾಗ ನಾನು ಅರ್ಜಿ ಹಾಕಲು ತಯಾರಾಗಿದ್ದೆ. ಸುನಂದಾಳ ಸಂಬಂಧಿಕರೊಬ್ಬರು ಜಿಲ್ಲಾ ಕಚೇರಿಯಲ್ಲಿದ್ದರು, ಎಲ್ಲಿ ಖಾಲಿ ಇದೆ ಎಂಬ ಸುದ್ದಿ ಅವಳಿಗೆ ಮೊದಲೇ ತಿಳಿಯುತ್ತಿತ್ತು.

"ಈ ಸಲ ರಾಯಚೂರಾಗ ಒಂದೂ ಜಾಗಾ ಖಾಲಿ ಇಲ್ರಿ ಅಕ್ಕಾ" ಎಂದಳು. "ಅರ್ಜಿ ಹಾಕಬ್ಯಾಡ್ರಿ. ಹಾಕಿದ್ರ ಲಿಂಗಸೂಗೂರು ಕಡಿ ಒಗೀತಾರ. ಗೌರೀನ ಬಿಟ್ಟು ಅಷ್ಟು ದೂರ ಹ್ಯಾಂಗ ಹೋಗ್ತೀರಿ?"

ಮಗಳ ಹೆಸರು ಹೇಳಿದಳಲ್ಲ, ಅಲ್ಲಿಗೆ ನನ್ನ ಆಸೆ ಮುಗಿಯಿತು. ಅರ್ಜಿ ಹಾಕಲಿಲ್ಲ. ದಿನಾ ನನಗೆ ಸೀಟು ಹಿಡಿದು ಕೊಡುವವಳು ಸುಳ್ಳು ಹೇಳುತ್ತಾಳೆಂದು ಯಾರಿಗೆ ಹೊಳೆಯುತ್ತದೆ ಹೇಳಿ.

ಇದಾಗಿ ಕೆಲವು ವಾರಗಳಿಗೆ ಸುನಂದಾ ಒಂದು ದಿನ ರಜೆ ಹಾಕಿದಳು. ದೇವದುರ್ಗದಲ್ಲಿ ಬಸುರಿ ತಂಗಿಯ ಕುಬಸ, ಅಂದರೆ ಸೀಮಂತ, ಹೋಗಲೇಬೇಕು ಎಂದಿದ್ದಳು. ಆ ಸಂಜೆ ಕಚೇರಿ ಬಿಟ್ಟು ನಾನೊಬ್ಬಳೇ ಮಾನ್ವಿ ಸ್ಟ್ಯಾಂಡಿಗೆ ಬಂದೆ. ಬಿಸಿಲಿನ ಝಳ ಇನ್ನೂ ಇಳಿದಿರಲಿಲ್ಲ. ಬಸ್ಸು ಬಂದು ನಿಂತಿತ್ತು, ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಇವತ್ತು ರಾಯಚೂರಿನ ತನಕ ನಿಂತೇ ಸಾಯಬೇಕು ಎಂದುಕೊಳ್ಳುವಷ್ಟರಲ್ಲಿ ಕಿಟಕಿಯಲ್ಲಿ ಸುನಂದಾ ಕಂಡಳು. ಕೈ ಬೀಸಿ, "ಬರ್ರಿ ಅಕ್ಕಾ, ಸೀಟ್ ಹಿಡಿದೀನಿ" ಎಂದಳು.

ನನಗೆ ಖುಷಿಯೇ ಆಯಿತು. ಹೇಗೋ ನುಗ್ಗಿ ಒಳಗೆ ಹೋದೆ. ಅವಳು ಕಿಟಕಿ ಬದಿ ಕೂತಿದ್ದಳು, ನನ್ನ ಜಾಗದ ಮೇಲೆ ಹಸಿರು ಕರ್ಚೀಫು ಇತ್ತು. ಅದನ್ನು ತೆಗೆದು ಅವಳ ತೊಡೆಯ ಮೇಲಿಟ್ಟು ಕೂತೆ. ಇದು ನನಗೆ ಚೆನ್ನಾಗಿ ನೆನಪಿದೆ, ಕೈಯಾರೆ ಇಟ್ಟಿದ್ದೇನೆ. ದೇವದುರ್ಗಕ್ಕೆ ಹೋಗಲಿಲ್ಲವೇ ಎಂದು ಕೇಳಿದೆ. ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. ಕಂಡಕ್ಟರು ಬಂದು ನನಗೊಂದು ಪುಕ್ಕಟೆ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಅವಳು ಮೊದಲೇ ತೆಗೆದುಕೊಂಡಿರಬೇಕು ಎಂದುಕೊಂಡೆ.

ನೀರಮಾನ್ವಿ ದಾಟಿದ ಮೇಲೆ ಸುನಂದಾ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಬೆಚ್ಚಗಿತ್ತು.

"ನಾ ದೇವದುರ್ಗಕ್ಕ ಹೋಗಿಲ್ರಿ ಅಕ್ಕಾ. ರಾಯಚೂರಾಗ ಜಾಗಾ ಖಾಲಿ ಇತ್ತು. ನಮ್ಮನಿಯವ್ರು ಓಡಾಡಿ ಅದನ್ನ ನನಗ ಮಾಡಿಸ್ಯಾರ. ಇವತ್ತ ಹೋಗಿ ಹಾಜರಾದ್ನಿ, ನಮ್ಮ ಸಾಹೇಬ್ರಿಗಷ್ಟ ಗೊತ್ತು. ನೀವು ಅರ್ಜಿ ಹಾಕಿದ್ರ ಗೌರೀ ಸಲುವಾಗಿ ನಿಮಗ ಕೊಡ್ತಿದ್ರು, ಅದಕ್ಕ ಸುಳ್ಳು ಹೇಳಿದ್ನಿ. ಆ ಹುಡುಗಿ ಮುಖಾ ನೆನಪಾಗಿ ನಿದ್ದಿ ಬರವಲ್ದು. ತಪ್ಪಾತ್ರಿ ಅಕ್ಕಾ."

ಅವಳು ಅಳುತ್ತಿದ್ದಳು. ನನಗೆ ಅಳುವೂ ಬರಲಿಲ್ಲ. "ಗೌರೀ ಹೆಸರು ತಗೊಂಡು ಸುಳ್ಳು ಹೇಳಿದ್ಯಲ್ಲ, ನಿನಗ ಮಕ್ಕಳಿಲ್ಲೇನು?" ಎಂದು ಕೇಳಿದೆ. ಇನ್ನೂ ಏನೇನೋ ಅಂದೆ. ಕಲ್ಲೂರು ಬರುವಷ್ಟರಲ್ಲಿ ಅವಳ ಮುಖ ನೋಡುವುದೂ ಬೇಡವಾಯಿತು. ಕೈ ಕಿತ್ತುಕೊಂಡು ಇತ್ತ ತಿರುಗಿ, ನಿಂತವರ ಸೀರೆಯ ಸೆರಗುಗಳನ್ನೇ ನೋಡುತ್ತ ಕೂತೆ. ಅಷ್ಟು ವರ್ಷ ಅವಳ ಮುಂದೆ ಮನೆಯ ಗುಟ್ಟನ್ನೆಲ್ಲ ಬಿಚ್ಚಿಟ್ಟೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

ರಾಯಚೂರಿನ ಅಕ್ಕಿ ಗಿರಣಿಗಳ ವಾಸನೆ ಬಂತು. ಬಸ್ಸು ಊರೊಳಗೆ ಹೊಕ್ಕಿತು. ಇಳಿಯುವ ಮುಂಚೆ ಇನ್ನೊಂದು ಮಾತು ಅಂದೇಬಿಡಬೇಕೆಂದು ತಿರುಗಿದೆ. ಕಿಟಕಿ ಬದಿಯ ಸೀಟು ಖಾಲಿಯಿತ್ತು. ಹಸಿರು ಕರ್ಚೀಫು ಅದರ ಮೇಲೆ ಹರಡಿಕೊಂಡು ಬಿದ್ದಿತ್ತು. ಅವಳು ಇಳಿಯಬೇಕಾದರೆ ನನ್ನ ಮೊಣಕಾಲು ದಾಟಿಯೇ ಹೋಗಬೇಕು.

ನನ್ನ ಪಕ್ಕಕ್ಕೆ ಮಾನ್ವಿಯಿಂದ ನಿಂತು ಬಂದಿದ್ದ ಒಬ್ಬ ಮುದುಕಿ ತಡೆಯಲಾರದೆ ಬಾಯಿ ಬಿಟ್ಟಳು.

"ಏ ಯವ್ವಾ, ಯಾರಿಗಿ ಹಿಡಿದಿದ್ದಿಬೇ ಆ ಸೀಟು? ಮಾನ್ವಿಲಿಂದ ನೋಡಾಕತ್ತೀನಿ, ವಸ್ತ್ರ ಹಾಕಿ ಕುಂತಿದ್ದಿ, ಒಬ್ಬರೂ ಬರಲಿಲ್ಲ. ನಿಂತು ನಿಂತು ನನ್ನ ಮೊಣಕಾಲು ಸತ್ತುಹೋದವು."

"ಇಲ್ಲಿ ಒಬ್ಬಾಕಿ ಕುಂತಿದ್ಲಲ್ಲಬೇ ಯವ್ವಾ?" ಎಂದೆ.

"ಯಾರು ಕುಂತಿದ್ರು? ನೀನೊಬ್ಬಾಕಿನ ಮಾತಾಡಾಕತ್ತಿದ್ದಿ. ಕಿವ್ಯಾಗ ಫೋನು ಇಟಗೊಂಡಿರಬೇಕು, ಮನ್ಯಾಗ ಏನೋ ಜಗಳ ಇರಬೇಕಂತ ನಾ ಸುಮ್ನಿದ್ನಿ."

ಅಷ್ಟು ತುಂಬಿದ ಬಸ್ಸಿನಲ್ಲಿ, ಒಂದು ಬಟ್ಟೆಗೆ ಮರ್ಯಾದೆ ಕೊಟ್ಟು, ಖಾಲಿ ಸೀಟಿನ ಸುತ್ತ ಜನ ರಾಯಚೂರಿನ ತನಕ ನಿಂತು ಬಂದಿದ್ದರು. ಕರ್ಚೀಫನ್ನು ಮುಟ್ಟುವ ಧೈರ್ಯ ನನಗಾಗಲಿಲ್ಲ. ಅದು ಸುನಂದಾಳದೇ ಎಂದು ಆಣೆ ಮಾಡಿ ಹೇಳಲಾರೆ. ಅಂಥ ಹಸಿರು ಕರ್ಚೀಫು ಯಾವ ಸಂತೆಯಲ್ಲಾದರೂ ಸಿಗುತ್ತದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ದಣಿದಿದ್ದೆ, ಕೂತಲ್ಲೇ ನಿದ್ದೆ ಹತ್ತಿ ಕನಸು ಬಿದ್ದಿರಬೇಕು ಎಂದರು. ಇರಬಹುದು ಎಂದು ನನಗೂ ಅನ್ನಿಸಿತು. ಹಾಗೇ ಆಗಿರಲಿ ಎಂದು ಬೇಡಿಕೊಂಡೆ ಕೂಡ. ಅದು ಕನಸಾಗಿದ್ದರೆ ಸುನಂದಾ ಒಳ್ಳೆಯವಳಾಗಿಯೇ ಉಳಿಯುತ್ತಿದ್ದಳಲ್ಲ.

ಮರುದಿನ ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಅವಳ ಮನೆಗೆ ಹೋದೆ. ಬಾಗಿಲು ತೆಗೆದು, "ಬರ್ರಿ ಅಕ್ಕಾ, ಚಹಾ ಕುಡೀರಿ" ಎಂದಳು. ನಾನು ನಿಂತೇ ಕೇಳಿದೆ.

"ದೇವದುರ್ಗದಿಂದ ಯಾವಾಗ ಬಂದಿ?"

"ನಿನ್ನೆ ಕತ್ತಲಾದ ಮ್ಯಾಲೆ ಬಂದ್ನಿರಿ. ಕುಬಸ ಭಾಳ ಚಲೋ ಆತು."

"ರಾಯಚೂರಾಗ ಹಾಜರಾದಿಯಂತಲ್ಲ."

ಅವಳ ಮುಖದ ಬಣ್ಣ ಇಳಿದುಹೋಯಿತು. "ಯಾರು ಹೇಳಿದ್ರು?" ಎಂದಳು.

"ನೀನ ಹೇಳಿದಿ."

ಬಸ್ಸಿನಲ್ಲಿ ಕೇಳಿದ್ದನ್ನು ಮಾತಿಗೆ ಮಾತು ಒಪ್ಪಿಸಿದೆ. ನಿದ್ದೆ ಬರುತ್ತಿಲ್ಲ ಎಂದದ್ದನ್ನೂ ಹೇಳಿದೆ. ಸುನಂದಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಂದು ಗಳಿಗೆ, ಒಂದೇ ಗಳಿಗೆ, ಈಗ ಅತ್ತುಬಿಡುತ್ತಾಳೆ ಎಂದು ನನಗೆ ತೋರಿತು. ಅತ್ತಿದ್ದರೆ ನಾನೂ ಅಲ್ಲೇ ಕರಗಿಬಿಡುತ್ತಿದ್ದೆನೇನೋ. ಆದರೆ ಒಳಗಿನಿಂದ ಅವಳ ಗಂಡ ಯಾರದು ಎಂದು ಕೂಗಿದ, ಅವಳು ಮುಖ ಗಟ್ಟಿ ಮಾಡಿಕೊಂಡಳು.

"ನಸೀಬ ಇದ್ದವರಿಗಿ ಸಿಗ್ತದ್ರಿ, ಸಿಕ್ಕದ. ಇಲ್ಲದ್ದೆಲ್ಲಾ ಯಾಕ ಹುಟ್ಟಿಸ್ತೀರಿ? ನಿಮಗ ಅರ್ಜಿ ಹಾಕಬ್ಯಾಡ್ರಿ ಅಂತ ನಾ ಯಾವಾಗ ಹೇಳೀನಿ?"

ಇದೇ ಬಾಯಿ, ಇದೇ ದನಿ. ನಾನು ಮೆಟ್ಟಿಲಿಳಿದು ಬಂದೆ. ಅಂದು ಮಾನ್ವಿಯ ತನಕ ನಿಂತೇ ಹೋದೆ.

ಅವಳ ಹೊಸ ಕಚೇರಿಯವರನ್ನು ಆಮೇಲೆ ವಿಚಾರಿಸಿದ್ದೇನೆ. ಆ ದಿನ ಸಂಜೆ ಕಚೇರಿ ಮುಚ್ಚುವ ತನಕ ಅವಳು ಅಲ್ಲೇ ಇದ್ದಳು, ಎಲ್ಲರಿಗೂ ಪೇಢೆ ಹಂಚಿದ್ದಳಂತೆ. ಖಾಜಾಬೀ ಒಂದು ಹೇಳುತ್ತಾರೆ, ಗಂಡ ಒಂದು ಹೇಳುತ್ತಾರೆ. ನನಗೆ ಯಾವುದರಿಂದಲೂ ಸಮಾಧಾನವಾಗಿಲ್ಲ. ನಾನು ಇನ್ನೂ ಮಾನ್ವಿಗೇ ಹೋಗಿ ಬರುತ್ತಿದ್ದೇನೆ, ಗೌರಿ ಇನ್ನೂ ಬೀಳುತ್ತಾಳೆ. ಸುನಂದಾ ಪೇಟೆಯಲ್ಲಿ ಎದುರಾದರೆ ದಾರಿ ಬದಲಿಸುತ್ತಾಳೆ. ಅವಳನ್ನು ಕ್ಷಮಿಸು ಎಂದು ಎಷ್ಟೋ ಜನ ಹೇಳಿದ್ದಾರೆ. ಕ್ಷಮಿಸಬಹುದಿತ್ತು, ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು ಅತ್ತವಳು ಎಲ್ಲಿದ್ದಾಳೆಂದು ಗೊತ್ತಿದ್ದರೆ.